ಏಳನೆಯ ಕುಳಿಯ ಹುತ್ತ

ಹುತ್ತ ನಮಗಿಂತ ಹಳೆಯದು.
ಗಣಿಗಿಂತ, ಕ್ಲಬ್ಬಿಗಿಂತ, ಕ್ಲಬ್ಬಿನ ಬಾಗಿಲಲ್ಲಿ
ಯಾರು ಒಳಗೆ ಯಾರು ಹೊರಗೆ ಎಂದು ಬರೆದಿದ್ದ ಹಲಗೆಗಿಂತ.
ಹಲಗೆ ಹೋಯಿತು. ಗೆದ್ದಲು ಇನ್ನೂ ಕಟ್ಟುತ್ತಲೇ ಇದೆ,
ಏಳನೆಯ ಕುಳಿಯ ಹಾದಿಯ ನಟ್ಟನಡುವೆ
ಎರಡಾಳೆತ್ತರ. ಮೇಲೊಂದು ಮುಪುಂಡು ಗಿಡ,
ಬುಡದಲ್ಲಿ ಯಾವುದೋ ಪ್ರಾಣಿ ತೋಡಿದ ಬಿಲ.

ನಾನು ಮುಫುಲಿರಾ ಗಣಿಯ ಸರ್ವೇಯರು.
ಇಪ್ಪತ್ತೆರಡು ವರ್ಷ ನೆಲದಡಿ
ಬಂಡೆಯ ಮೇಲೆ ಸುಣ್ಣದ ಗೆರೆ ಎಳೆದು
ಇಲ್ಲಿಂದ ಅಲ್ಲಿಗೆ ನೆಟ್ಟಗೆ ಕೊರೆಯಿರಿ ಎಂದವಳು.
ಒಂದು ಗೇಣು ವಾರೆಯಾದರೂ ರಾತ್ರಿ ನಿದ್ದೆಯಿಲ್ಲ.
ಈಗ, ಐವತ್ತು ದಾಟಿದ ಮೇಲೆ,
ಸೋಮವಾರದ ಸಂಜೆಗಳಲ್ಲಿ
ಕ್ಯಾಡಿ ಕಪೆಂಬ್ವಾನ ಮುಂದೆ ನಿಂತು
ಚೆಂಡನ್ನು ವಾರೆ ಹೊಡೆಯಲು ಕಲಿಯುತ್ತಿದ್ದೇನೆ.

"ಬಾನಾ ಚೋಲಾ," ಅನ್ನುತ್ತಾನೆ, ಚೋಲಾನ ಅಮ್ಮಾ ಎಂದು,
ಅದು ನಮ್ಮೂರಿನ ಮರ್ಯಾದೆ,
"ಬಲಕ್ಕೆ ಹೊರಟು ಎಡಕ್ಕೆ ಬಂದರೆ ಡ್ರಾ.
ಎಡಕ್ಕೆ ಹೊರಟು ಬಲಕ್ಕೆ ಸರಿದರೆ ಫೇಡ್.
ಡ್ರಾ ಬಿದ್ದ ಮೇಲೂ ಓಡುತ್ತೆ, ಸಂಬಳದ ದಿನದ ಗಂಡಸಿನ ಹಾಗೆ.
ಫೇಡ್ ಬಿದ್ದಲ್ಲೇ ಕೂರುತ್ತೆ, ಮಾವನ ಮನೆಗೆ ಬಂದ ಅಳಿಯನ ಹಾಗೆ.
ಎರಡೂ ಬೇಕು."

ಕ್ಲಬ್ಬಿನ ಕಪಾಟಿನಲ್ಲೊಂದು ಹಳೆಯ ಪುಸ್ತಕ.
ಗೆದ್ದಲು ಅದನ್ನು ಅರ್ಧ ಓದಿ ಮುಗಿಸಿದೆ.
ಉಳಿದರ್ಧದಲ್ಲಿ: ಪಾದಗಳು ಬಲಕ್ಕೆ ನೋಡಲಿ,
ಕೋಲಿನ ಮುಖ ಬಾವುಟವನ್ನೇ ನೋಡಲಿ.
ಹಾಗೇ ಮಾಡಿದೆ. ಹನ್ನೊಂದು ಚೆಂಡು
ಹೋಗಿ ಹುತ್ತಕ್ಕೇ ಬಡಿದವು, ಕೆಂಪು ಮಣ್ಣು ಉದುರಿತು.
ಹನ್ನೆರಡನೆಯದು ಬಿಲಕ್ಕಿಳಿಯಿತು.
"ಕೈ ಹಾಕಬೇಡಿ," ಎಂದ.
ಹುತ್ತಕ್ಕೆ ಕೈ ಹಾಕುವ ಧೈರ್ಯ ಯಾರಿಗಿದೆ.

ಕಪೆಂಬ್ವಾ ಪುಸ್ತಕ ಓದಿದವನಲ್ಲ.
ಒಂಬತ್ತನೆಯ ವಯಸ್ಸಿಗೆ ಬೇರೆಯವರ ಚೀಲ ಹೊತ್ತವನು.
ಕಬ್ಬಿಣದ ಸರಳು ಕಾಸಿ, ಬಗ್ಗಿಸಿ, ಅದನ್ನೇ ಕೋಲು ಮಾಡಿ
ಅದಿರಿನ ರಾಶಿಗಳ ಹಿಂದೆ
ಬಾಟಲಿಯ ಮುಚ್ಚಳ ಹೊಡೆದು ಕಲಿತವನು.
ಮುಚ್ಚಳ ಸುಳ್ಳು ಹೇಳುವುದಿಲ್ಲವಂತೆ.
"ಚೆಂಡು ಮೊದಲು ಹೊರಡುವುದು ಮುಖ ನೋಡಿದ ಕಡೆಗೆ.
ಬಾಗುವುದು ಆಮೇಲೆ,
ನಿಮ್ಮ ಕೈ ಬೀಸಿ ಬಂದ ದಾರಿಗೂ ಆ ಮುಖಕ್ಕೂ
ಎಷ್ಟು ಜಗಳವೋ ಅಷ್ಟು.
ಮುಖ ಹುತ್ತದ ಬಲಗಡೆ ನೋಡಲಿ.
ಕೈ ಅದಕ್ಕಿಂತ ಇನ್ನೂ ಬಲಕ್ಕೆ ಹೋಗಲಿ.
ಜಗಳ ಸಣ್ಣದಿರಲಿ. ದೊಡ್ಡದಾದರೆ ಎಡದ ಚರಂಡಿಯೇ ಗತಿ."

ಸಣ್ಣ ಜಗಳ ಆಡುವುದು ನನಗೆ ಬಾರದು.
ಬದುಕಿದ್ದಾಗ ನನ್ನ ಗಂಡನೂ ಇದನ್ನೇ ಹೇಳುತ್ತಿದ್ದ.

ಅಕ್ಟೋಬರಿನ ಧಗೆ. ಕುಲುಮೆಯ ಕಡೆಯಿಂದ ಸೆಂಟಾ ಬೀಸಿತು,
ಗಂಧಕದ ಹೊಗೆಗೆ ನಾವಿಟ್ಟ ಹೆಸರು,
ಇಬ್ಬರೂ ಕೆಮ್ಮಿದೆವು. ನನ್ನ ಬೆರಳಲ್ಲಿ ಬೊಬ್ಬೆ.
ಎಡಗೈಯನ್ನು ಹಿಡಿಯ ಮೇಲೆ ಕೊಂಚ ಬಲಕ್ಕೆ ಹೊರಳಿಸಿದೆ,
ಎರಡು ಗೆಣ್ಣಿನ ಬದಲು ಮೂರು ಕಾಣುವಷ್ಟು.
ಬಲಗಾಲು ಒಂದಂಗುಲ ಹಿಂದಕ್ಕೆ.
ಮೈಯೆಲ್ಲ ಕೂಗಿತು: ತಪ್ಪು ಕಡೆ ನಿಂತಿದ್ದೀಯೆ.
ಸುಣ್ಣದ ಗೆರೆ ಎಳೆದ ಮೈ, ಒಪ್ಪುವುದಾದರೂ ಹೇಗೆ.

ಕಪೆಂಬ್ವಾ ಗಾಳಿಗೆ ಬೆನ್ನು ಹಾಕಿ
ಸಿಗರೇಟಿಗೆ ಕಡ್ಡಿ ಗೀರುತ್ತಿದ್ದ.
ಹೊಡೆದೆ.
ಕೆನೆಮೊಸರಿಗೆ ಬೆರಳು ಇಳಿದಷ್ಟೇ ಗೊತ್ತಾಯಿತು.
ಚೆಂಡು ಬಲಕ್ಕೆ, ಕಾಡಿನ ಕಡೆಗೇ ಹೊರಟಿತು,
ಹೋಯಿತು ಅಂದುಕೊಂಡೆ.
ಮುಪುಂಡುವಿನ ತುದಿ ದಾಟಿದ ಮೇಲೆ
ಏನೋ ಮರೆತು ಬಂದವರಂತೆ
ಎಡಕ್ಕೆ ತಿರುಗಿ
ಹುತ್ತದ ಹಿಂದೆ ಮರೆಯಾಯಿತು.

"ಬಾಗಿತಾ?" ಹೊಗೆ ಬಿಡುತ್ತ ಕೇಳಿದ.
"ಬಾಗಿತು."
ನನ್ನ ಮುಖ ನೋಡಲಿಲ್ಲ ಅವನು, ನೆಲ ನೋಡಿದ.
ಕೋಲು ಕಿತ್ತ ಹುಲ್ಲಿನ ಗಾಯ, ಅಂಗೈಯಷ್ಟು,
ಹುತ್ತವನ್ನು ಬಿಟ್ಟು ಬಲಕ್ಕೆ ಬೊಟ್ಟು ಮಾಡುತ್ತಿತ್ತು.
ಕುಕ್ಕರುಗಾಲಲ್ಲಿ ಕೂತು, ಅದರ ಅಂಚು ಮುಟ್ಟಿ
"ಹ್ಞೂಂ," ಅಂದ.
ದೂರ ಬಿದ್ದಿದ್ದ ಹೆಂಟೆಯನ್ನು ತಂದು ಹೊದಿಸಿ
ಬೂಟಿನ ಹಿಮ್ಮಡಿಯಿಂದ ಒತ್ತಿದ.

ಚೆಂಡು ಎಡದ ಚರಂಡಿಯಲ್ಲಿ ಸಿಕ್ಕಿತು.
ಅಂಗಿಗೆ ಒರೆಸಿ ನನ್ನ ಕೈಗಿಟ್ಟ,
ಏನೂ ಅನ್ನಲಿಲ್ಲ.