ಶನಿವಾರದ ಪಟ್ಟಿ

ನಸುಕಿನ ಮೂರಕ್ಕೇ ಹಿಮ ಗೋರುವ ಲಾರಿ ಹತ್ತಿದ್ದೆ.
ಹ್ಯಾನ್‌ಕಾಕ್ ಊರಿನ ಇಳಿಜಾರಿನುದ್ದಕ್ಕೂ ಗುಡ್ಡೆ ಗುಡ್ಡೆ ಬಿಳುಪು,
ಸುಪೀರಿಯರ್ ಸರೋವರ ರಾತ್ರಿಯೆಲ್ಲ ಕಾರಿಕೊಂಡದ್ದು.
ಒಂಬತ್ತಕ್ಕೆ ಬಿಸಿಲು ಬಂತು.
ಹಿಮದ ಮೇಲೆ ಬಿದ್ದ ಬಿಸಿಲು ಬಿಸಿಲಲ್ಲ,
ಸಾಣೆ ಹಿಡಿದ ತಗಡು.

ಎಡಗಣ್ಣಿನ ಮೂಲೆಯಲ್ಲಿ ಮೊದಲು ಒಂದು ಚುಕ್ಕಿ,
ಚುಕ್ಕಿಗೊಂದು ಅಂಚು, ಅಂಚಿಗೆ ಗರಗಸದ ಹಲ್ಲು.
ರಸ್ತೆಬದಿಯ ಅಂಚೆಪೆಟ್ಟಿಗೆಗಳು ಅರ್ಧರ್ಧವೇ ಮಾಯ.
ಈ ಅತಿಥಿ ನನಗೆ ಹೊಸಬನಲ್ಲ.
ಬಾಗಿಲು ತಟ್ಟಿ ಬರುತ್ತಾನೆ, ಅದೊಂದೇ ಅವನ ಸಭ್ಯತೆ.

ಚರ್ಚಿನ ಹಿಂದೆ ಲಾರಿ ನಿಲ್ಲಿಸಿ ರೇಡಿಯೋದಲ್ಲಿ ಹೇಳಿದೆ:
ಟೋಯ್ವೊ, ಮೂರನೇ ಬೀದಿ ಬಾಕಿ. ನಾನಿವತ್ತು ಓಡಿಸಲಾರೆ.
ಅವನು ಏನೂ ಕೇಳಲಿಲ್ಲ.
ಬಂದ, ಕಾರಿನ ಹಾಡು ಆರಿಸಿದ, ಮನೆಗೆ ಬಿಟ್ಟ.

ಮಾತ್ರೆಯ ಕಾಲ ನನಗೆ ಎಂದೋ ಮುಗಿದಿತ್ತು;
ನುಂಗಿದ್ದು ಹತ್ತೇ ನಿಮಿಷಕ್ಕೆ ನೀಲಿ ಬಕೆಟ್ಟಿಗೆ ವಾಪಸು.
ಹೊಟ್ಟೆ ಒಲ್ಲೆನೆಂದರೆ ತೊಗಲನ್ನು ಕೇಳೋಣ,
ಅಂದಿದ್ದಳು ಔಷಧದಂಗಡಿಯ ಮರ್ಲೀನ್.
ಡಾಕ್ಟರು ಬರೆದ ಪಟ್ಟಿ ಕೈಗಿಟ್ಟು, ಅದರ ಜೊತೆಗೆ ಇನ್ನೊಂದು ಪಟ್ಟಿ,
ಮಾಡಬೇಕಾದ್ದರದು, ಮಾಡಬಾರದ್ದರದು.
ಎದೆನೋವು ಬಂದದ್ದುಂಟೇ, ರಕ್ತದೊತ್ತಡ ಎಷ್ಟು,
ಬೇರೆ ಏನೇನು ನುಂಗುತ್ತೀ, ಅಪ್ಪ ಹೋದದ್ದು ಯಾತರಿಂದ?
ಮರ ಬಿದ್ದು, ಅಂದೆ.
ಒಳ್ಳೆಯದಾಯಿತು, ಅಂದಳು.
ಆಮೇಲೆ ನಾಲಗೆ ಕಚ್ಚಿಕೊಂಡಳು.

ತೋಳು ಒಣಗಿರಬೇಕು. ಗೀರು ಗಾಯ ಇರಬಾರದು.
ಕಳೆದ ಸಲದ ಜಾಗಕ್ಕೆ ಈ ಸಲ ರಜೆ.
ಅಂಟಿಸಿ ಗುಂಡಿ ಒತ್ತಿದೆ: ಕೆಂಪು ದೀಪ,
ಮಿಣುಕು ಹುಳದ ಮರಿಯಷ್ಟು.
ತೊಗಲಿನಡಿ ಜುಮುಜುಮು ಇರುವೆ ಸಾಲು,
ಬೆನ್ನ ಮೇಲೆ ಒಂದೊಂದು ಕಣ ಮದ್ದು ಹೊತ್ತು.
ನಾಲ್ಕು ಗಂಟೆಯ ದಾರಿ ಅವಕ್ಕೆ.

ಅಷ್ಟರಲ್ಲಿ ಹಿಲ್ಯಾ ಅತ್ತೆ.
ಹಿಲ್ಯಾ ಅಂದರೆ ನಮ್ಮ ಹಿರಿಯರ ಭಾಷೆಯಲ್ಲಿ ಸದ್ದಿಲ್ಲದವಳು.
ಎಂಬತ್ತೆರಡರ ಅತ್ತೆಗೆ ಕಿವಿ ಮಂದ,
ಹಾಗಾಗಿ ಮಾತೆಲ್ಲ ಡೋಲು.
ಸೌನಾ ಕಾಯ್ದಿದೆ ಏಳೇ, ಶನಿವಾರ ಮರೆತೆಯಾ!
ಸೌನಾ, ಸಾರಾಯಿ, ಟಾರು, ಮೂರಕ್ಕೂ ಬಗ್ಗದ್ದೇ ಸಾವಿನ ಕಾಯಿಲೆ!
ಒಂದೊಂದು ಅಕ್ಷರವೂ ನನ್ನ ಹಣೆಗೆ ಹೊಡೆದ ಮೊಳೆ.

ಬಿಸಿ ಕೂಡದು ಅತ್ತೆ. ನೀರು ಕೂಡದು.
ತೋಳು ತೋರಿಸಿದೆ.

ಬೇರೆ ತೋಳನ್ನೂ ತೋರಿಸಿದೆ, ಈವರೆಗೆ ಮುಚ್ಚಿಟ್ಟದ್ದನ್ನು.
ಅಲ್ಲಿದೆ ಕಂದು ಕಲೆ, ಇಸ್ಪೀಟೆಲೆಯಷ್ಟು.
ಅಕ್ಟೋಬರಿನಲ್ಲಿ ಜುಮುಜುಮು ಉರಿಯಾದಾಗ
ಹಲ್ಲು ಕಚ್ಚಿ ಮಲಗಿದ್ದೆ.
ನಮ್ಮವರು ಸಿಸು ಎಂದು ಹೊಗಳುತ್ತಾರಲ್ಲ,
ಬಂಡೆ ಕಿತ್ತು ಹೊಲ ಮಾಡಿದ ಆ ಛಲ,
ಅದರ ಮರಿಮಗಳು ನಾನು, ಒಂದು ಉರಿಗೆ ಹೆದರುವುದೆ?
ಮರ್ಲೀನ್ ಆ ಕಲೆ ನೋಡಿ ಬೈದಿದ್ದಳು:
ಉರಿದರೆ ಕಿತ್ತೆಸೆ. ಈ ಹೊಲದಲ್ಲಿ ಶೌರ್ಯ ಬೆಳೆಯುವುದಿಲ್ಲ.
ತಿಂಗಳ ಲೆಕ್ಕ ಬರೆದಿಡು. ಅತಿಯಾದರೆ
ನೋವಿಳಿಸಲು ಬಂದದ್ದೇ ನೋವು ಹೊತ್ತು ತಂದೀತು.
ಅಂಟಲಿ ಸಾಕು, ನಂಟು ಬೇಡ.

ಅತ್ತೆ ಕಲೆಯ ಸುತ್ತ ಬೆರಳಾಡಿಸಿದಳು,
ಕಲೆಯನ್ನು ಮುಟ್ಟದೆ.
ಹೋದಳು. ಒಲೆಯ ಬಾಗಿಲು ಕಿರುಗುಟ್ಟಿದ್ದು ಕೇಳಿತು,
ಕೊಳ್ಳಿ ಒಂದೊಂದಾಗಿ ಹೊರಬಂದು ಹಿಮದಲ್ಲಿ ಚುಸ್ಸೆಂದದ್ದು.
ಪರದೆ ಎಳೆದು ಬಂದು ಕುಳಿತಳು, ದೀಪ ಹಚ್ಚದೆ,
ನನ್ನ ತೋಳಿನ ಕೆಂಪು ಚುಕ್ಕಿಯನ್ನೇ
ಕುಲುಮೆಯ ಕೆಂಡದ ಹಾಗೆ ಕಾಯುತ್ತ.

ಎರಡೂವರೆಗೆ ಅದು ತಾನಾಗಿ ಆರಿತು.
ನೋವು ಪೂರ್ತಿ ಹೋಗಿರಲಿಲ್ಲ;
ಪಕ್ಕದ ಕೋಣೆಗೆ ಹೋಗಿ ಕೂತಂತಿತ್ತು.
ಪಟ್ಟಿ ಬಿಡಿಸಿ, ಅಂಟಿಗೆ ಅಂಟು ಮಡಿಸಿ,
ನಾಯಿಗೆ ಸಿಗದ ಡಬ್ಬಿಗೆ ಹಾಕಿದೆ.
ತೋಳಲ್ಲಿ ತೆಳು ಗುಲಾಬಿ ಚೌಕ, ಉರಿಯಿಲ್ಲ.

ಕ್ಯಾಲೆಂಡರಿನ ಶನಿವಾರದ ಮನೆಯಲ್ಲಿ ಅತ್ತೆ
ಸೀಸದಕಡ್ಡಿಯಿಂದ ಒಂದು ಗೆರೆ ಎಳೆದಳು,
ಈ ತಿಂಗಳಿನ ಎರಡನೆಯದು.
ಏನೋ ಹೇಳಿದಳು.
ಕೇಳಿಸಲಿಲ್ಲ.
ಅವಳು ಪಿಸುಗುಟ್ಟುತ್ತಿದ್ದಳು.