ಎರಡನೇ ಸೆಟ್ಟಿನ ನಂತರ

ವೈಯಾಲಾದ ಕೆಂಪು ಧೂಳು ಕಿಟಕಿಯ ಅಂಚಿಗೇ ನಿಲ್ಲುವುದಿಲ್ಲ,
ಒಗೆದು ಹರವಿದ ಅಂಗಿಯ ಕಾಲರಿಗೂ ಏರುತ್ತದೆ.
ಉಕ್ಕಿನ ಕಾರ್ಖಾನೆಯ ಊರು. ಜೂನ್ ಅಂದರೆ ಇಲ್ಲಿ ಚಳಿ.
ಆ ಚಳಿಯೊಳಗೆ ಅಯೋವಾದಿಂದ ಬಂದಿಳಿದರು ಹದಿಮೂರು ಹುಡುಗಿಯರು:
ಒಂದೇ ಬಣ್ಣದ ಚೀಲ, ಒಂದೇ ಬಗೆಯ ಜಡೆ,
ಬೆನ್ನ ಮೇಲೆ ನಂಬರು, ನಂಬರಿನ ಕೆಳಗೆ
ಸಣ್ಣಕ್ಷರದಲ್ಲಿ ಒಂದು ವಚನ.
(ಬೈಬಲಿನದು. ಗದಗಿನ ಕಡೆಯವಳಾದ ನನಗೆ
ಆ ಮಾತಿಗೆ ಎರಡು ತವರು.)

ನಾನು ಅಂಕ ತಿರುಗಿಸುವವಳು.
ಹಗಲೆಲ್ಲ ವೃದ್ಧಾಶ್ರಮದಲ್ಲಿ ನರ್ಸು; ಮಂಗಳವಾರ ಸಂಜೆ ಮಾತ್ರ
ಈ ತಗಡಿನ ಜಿಮ್ಮಿನಲ್ಲಿ, ಮಡಚುವ ಮೇಜಿನ ಹಿಂದೆ.
ಬೆಟಗೇರಿಯ ಶಾಲೆಯಲ್ಲಿ ನಾನಾಡಿದ್ದು ಥ್ರೋಬಾಲು.
ಅದರಲ್ಲಿ ಚೆಂಡನ್ನು ಹಿಡಿಯಬಹುದು,
ಒಂದು ಉಸಿರಿನಷ್ಟು ಹೊತ್ತು ನಿನ್ನದೇ ಅಂದುಕೊಳ್ಳಬಹುದು.
ಆಮೇಲೆ ವಾಲಿಬಾಲ್ ಕಲಿಸಲು ಬಂದ ಜೇಮ್ಸಪ್ಪ ಮಾಸ್ತರು
ಸೀಟಿ ಬಾಯಲ್ಲಿಟ್ಟುಕೊಂಡೇ ಒದರುತ್ತಿದ್ದರು:
"ಹಿಡಕೋಬ್ಯಾಡ ಹುಡುಗಿ, ಹಂಚಿನ ಮ್ಯಾಲಿನ ರೊಟ್ಟಿ ಅದು,
ಕೈ ಸುಡೂದ್ರಾಗ ದಾಟಿಸು!"

ಮೊದಲ ಸೆಟ್ಟು ಇಪ್ಪತ್ತೈದು, ಎಂಟು.
ಎರಡನೆಯದು ಇಪ್ಪತ್ತೈದು, ಹನ್ನೊಂದು.
ನಮ್ಮ ಕಡೆ ಅಂಚೆಯವಳು, ಬೇಕರಿಯ ಅಕ್ಕತಂಗಿಯರು,
ಮೂವತ್ತು ವರ್ಷ ಕ್ರೇನು ನಡೆಸಿ ಕಿವಿ ಕಳಕೊಂಡ ಗ್ವೆಂಡಾ.
ನನ್ನ ಎಡಗೈಗೆ ಕೆಲಸವೇ ಇರಲಿಲ್ಲ.

ಆಮೇಲೆ ಸಾಕ್ಷಿ. ಒಬ್ಬೊಬ್ಬರಿಗೆ ಮೂರು ನಿಮಿಷ.
ಕೋಚ್ ಹೂಕ್‌ಸ್ಟ್ರಾ ಗಡಿಯಾರ ನೋಡುತ್ತಾರೆ.
ಎಲ್ಲಿ ನಗಬೇಕು, ಎಲ್ಲಿ ಗಂಟಲು ಕಟ್ಟಬೇಕು,
ಎಲ್ಲ ಅಡಿಲೇಡಿನಲ್ಲೇ ಹದಕ್ಕೆ ಬಂದಿತ್ತು.
ಹದಿನಾಲ್ಕನೇ ನಂಬರಿನ ಅನೆಕಾ ಎದ್ದಳು,
ಬರೆದು ತಂದ ಚೀಟಿ ಬಿಚ್ಚಿದಳು, ಮತ್ತೆ ಮಡಚಿದಳು.

"ಎರಡು ವರ್ಷ ಬೆಂಚಿನ ಮೇಲೆ ಕೂತಿದ್ದೇನೆ.
ಬರುವಾಗ ವಿಮಾನದಲ್ಲಿ, ಕೆಳಗೆ ಬರೀ ನೀರು, ಎಲ್ಲರೂ ನಿದ್ದೆ,
ನಾನೊಂದು ಪ್ರಾರ್ಥನೆ ಮಾಡಿದೆ.
ಒಂದು ಕಾಲು ಕೇಳಿದೆ.
ಯಾರ ಕಾಲು ಅಂತ ಹೆಸರು ಹಿಡಿದೇ ಕೇಳಿದೆ.
ಅಡಿಲೇಡಿನಲ್ಲಿ ಕೊಟ್ಟ."

ಹೀಟರಿನ ಗುಂಯ್ ಸದ್ದು.
ಹನ್ನೊಂದು ತಲೆಗಳು ಈ ಕಡೆ ತಿರುಗದಿರಲು ಹೆಣಗುತ್ತಿದ್ದವು.
ನನ್ನ ಪಕ್ಕದಲ್ಲೇ ಇದ್ದಳು ಮಾರೆನ್, ಕುರ್ಚಿಯ ಮೇಲೆ ಊದಿದ ಕಾಲು,
ಅದರ ಮೇಲೆ ನಾನೇ ಮನೆಯಿಂದ ತಂದ
ಹಿಮಗಟ್ಟಿದ ಬಟಾಣಿಯ ಪೊಟ್ಟಣ.
ಕರಗಿದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಏನಂತೆ? ಯಾವ ಕಾಲಂತೆ?" ಗ್ವೆಂಡಾ ಕೂಗಿದಳು,
ಕ್ರೇನಿನ ಮೇಲಿಂದ ಕೇಳುವ ಹಾಗೆ.
ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.
"ಎಡ," ಅಂದಳು ಮಾರೆನ್.
ಅಷ್ಟೇ.

ಮೂರನೇ ಸೆಟ್ಟಿಗೆ ಎರಡೂ ತಂಡ ಬೆರೆಸಿದರು.
ಅಂಚೆಯವಳ ಪಕ್ಕ ಅನೆಕಾ, ಹಿಂದೆ ಗ್ವೆಂಡಾ.
ಮಾರೆನ್ ಅಂಕದ ಹಲಗೆಯ ಅರ್ಧವನ್ನು ತನ್ನ ಕಡೆ ಎಳೆದುಕೊಂಡಳು.
ಅನೆಕಾಳ ಕಡೆಯ ಅರ್ಧ.
ಹತ್ತು. ಹನ್ನೊಂದು. ಹದಿನೈದು.
ಒಂದನ್ನೂ ತಪ್ಪಿಸಲಿಲ್ಲ.

ಹದಿನೇಳನೆಯದು ಗ್ವೆಂಡಾ ಎತ್ತಿಕೊಟ್ಟದ್ದು.
ಅನೆಕಾ ಹೊಡೆದದ್ದು ಯಾರಿಗೂ ಕಾಣಲಿಲ್ಲ, ಸದ್ದು ಮಾತ್ರ ಕೇಳಿತು.
ಗೆರೆಯ ಒಳಗೇ. ಅಂಪೈರಿನ ಕೈ ಎದ್ದಿತ್ತು.
ಮಾರೆನ್‌ಳ ಬೆರಳು ಹಾಳೆಯ ತುದಿಯಲ್ಲಿ ನಿಂತುಬಿಟ್ಟಿತು.
ಜಿಮ್ಮು ಹಲಗೆಯನ್ನೇ ನೋಡುತ್ತಿತ್ತು.
ಅನೆಕಾ ಮಾತ್ರ ತನ್ನ ಬೂಟಿನ ದಾರ ನೋಡುತ್ತಿದ್ದಳು.
ನಾನು ಕೈ ಚಾಚಿ ತಿರುಗಿಸಬಹುದಿತ್ತು, ನನ್ನ ಕೆಲಸವೇ ಅದು.
ಮಾಸ್ತರು ಎಲ್ಲೋ ಒದರುತ್ತಲೇ ಇದ್ದರು.
ಸುಮ್ಮನೆ ಕೂತೆ.

ಹದಿನೇಳು.

ಕರಗಿದ ಬಟಾಣಿಯನ್ನು ಮತ್ತೆ ಹಿಮಗಟ್ಟಿಸಬಾರದು.
ಚರ್ಚಿನ ಅಡುಗೆಮನೆಯಲ್ಲಿ, ರಾತ್ರಿಯೂಟದ ಪಲಾವಿಗೆ ಸುರಿದೆ.
ಉದ್ದ ಮೇಜಿನ ಎರಡು ತುದಿಗೆ ಇಬ್ಬರೂ ಕೂತು ಉಂಡರು.
ಆಮೇಲೆ ತಟ್ಟೆ ತೊಳೆಯುವಾಗ ನೋಡಿದೆ:
ಮಾರೆನ್ ಬಟಾಣಿಗಳನ್ನೆಲ್ಲ ಆರಿಸಿ ಅಂಚಿಗೆ ಸರಿಸಿದ್ದಳು.
ಅನೆಕಾಳ ತಟ್ಟೆಯಲ್ಲಿ
ಒಂದೂ ಉಳಿದಿರಲಿಲ್ಲ.