ಮುಂಗಡ

ಹದಿನಾಲ್ಕು ಸಾವಿರದ ಒಂಬೈನೂರು ಕ್ರೋನರ್,
ನಾಲ್ಕು ವರ್ಷಕ್ಕೆ. ಶುಕ್ರವಾರದೊಳಗೆ ಕಟ್ಟಿದರೆ
ವೈಪರಿನ ರಬ್ಬರು ಪುಕ್ಕಟೆ, ಎಂದ ಎಸ್ಕಿಲ್,
ಸೋರ್ಟ್‌ಲ್ಯಾಂಡಿನ ಷೋರೂಮಿನಲ್ಲಿ.
ಇಪ್ಪತ್ತೆರಡು ಇದ್ದೀತು,
ಮೀಸೆಯ ಎರಡು ಕಡೆ ಇನ್ನೂ ರಾಜಿಯಾಗಿರಲಿಲ್ಲ.

ಎಣ್ಣೆ ಬದಲಿಸುತ್ತೀರಾ, ಎಂದೆ.
ಇದಕ್ಕೆ ಎಣ್ಣೆಯೇ ಇಲ್ಲ.
ಪ್ಲಗ್ಗು? ಬೆಲ್ಟು? ಸೈಲೆನ್ಸರು?
ಇಲ್ಲ, ಇಲ್ಲ, ಅದೂ ಇಲ್ಲ.
ಮತ್ತೆ ಏನಪ್ಪಾ ಮಾಡುತ್ತೀರಿ?
ಕಾಗದ ತಿರುವಿದ. ಹಿಂದೆ ಏನೂ ಬರೆದಿರಲಿಲ್ಲ.
ನೋಡುತ್ತೇವೆ, ಎಂದ.

ಪ್ರಾಮಾಣಿಕ ಹುಡುಗ.
ನೋಡುವುದಕ್ಕೂ ಬೆಲೆಯುಂಟು, ನನಗೆ ತಿಳಿಯದ್ದೇ?
ನಾನು ಪಿಯಾನೊ ಶ್ರುತಿ ಮಾಡುವವಳು,
ಮೂವತ್ತೊಂದು ವರ್ಷದಿಂದ ಈ ದ್ವೀಪಗಳಲ್ಲಿ
ಕಿವಿಯನ್ನು ಬಾಡಿಗೆಗೆ ಬಿಟ್ಟು ಉಂಡವಳು.

ನನ್ನದೂ ಒಂದು ಸ್ಕೀಮುಂಟು, ಹೇಳಿಬಿಡುತ್ತೇನೆ:
ವರ್ಷಕ್ಕೆರಡು ಸಲ, ಮೂರು ವರ್ಷ, ಹಣ ಮೊದಲು.
ಜನ ಕಟ್ಟುತ್ತಾರೆ. ಕಟ್ಟಿದ ನೆಮ್ಮದಿಯಲ್ಲೇ ಮರೆಯುತ್ತಾರೆ.
ಅರ್ಧಕ್ಕರ್ಧ ಮನೆಗಳಿಂದ ಎರಡನೆಯ ಕರೆ ಬರುವುದಿಲ್ಲ.
ಆ ಬಾರದ ಕರೆಗಳಿಂದ
ದೋಣಿಮನೆಗೆ ತಗಡು ಹೊದಿಸಿದೆ;
ಈ ಕಾರಿನ ಎಡಗಡೆಯ ಚಕ್ರಗಳೆರಡೂ
ಅವರದೇ ಎಂದರೂ ಸುಳ್ಳಲ್ಲ.
ಎಸ್ಕಿಲ್ ಎದುರು ಕೂತಾಗ
ಕನ್ನಡಿಯ ಮುಂದೆ ಕೂತ ಹಾಗಿತ್ತು,
ಕನ್ನಡಿ ಕಾಫಿ ಬೇಕೇ ಎಂದು ಕೇಳುತ್ತಿತ್ತು.

ಮನೆಗೆ ಬಂದು ಕರೆಂಟು ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ.
ಗಾಳಿಯ ಫಿಲ್ಟರು ನಾನೇ ಬದಲಿಸಬಲ್ಲೆ,
ಪಿಯಾನೊ ಸುತ್ತಿಗೆಯ ಉಣ್ಣೆಗೆ ಸೂಜಿ ಚುಚ್ಚಿ
ಸ್ವರ ಮೆದುಮಾಡುವ ಕೈ ಇದು.
ಬ್ರೇಕಿನ ದ್ರವ ಎರಡು ವರ್ಷಕ್ಕೊಮ್ಮೆ,
ಬಂದರಿನ ಬಳಿ ಗ್ಯಾರೇಜಿನವನೂ ಹಾಕಿಯಾನು.
ಎಲ್ಲ ಕೂಡಿಸಿದರೂ ಅವರು ಕೇಳಿದ್ದರ ಅರ್ಧ ಮುಟ್ಟದು.
'ಬೇಡ' ಎಂದು ಬರೆದು ಗೆರೆ ಎಳೆದೆ.

ಅಕ್ಕ ಫೋನಿನಲ್ಲಿ ನಕ್ಕಳು:
ಕೂಸು ಹುಟ್ಟುವ ಮುಂಚೆ ಕುಲಾವಿಯಂತೆ!
ಆದರೆ ಅಕ್ಕಾ, ಇಲ್ಲಿ ಎಲ್ಲರೂ
ಕುಲಾವಿ ಮುಂಚೆಯೇ ಹೆಣೆಯುತ್ತೇವಲ್ಲ.
ನವೆಂಬರಿನಲ್ಲಿ ಹುಟ್ಟಿದ ತಲೆ
ಉಣ್ಣೆ ಕೊಂಡು ಬರುವ ತನಕ ಕಾಯುತ್ತದೆಯೇ?

ಕೊರೆಯುತ್ತಿದ್ದದ್ದು ಇನ್ನೊಂದು.
ಈ ಕಾರು ಬ್ರೇಕನ್ನು ಮುಟ್ಟುವುದೇ ಅಪರೂಪ.
ಇಳಿಜಾರಿನಲ್ಲಿ ಕಾಲೆತ್ತಿದರೆ ಸಾಕು,
ಮೋಟಾರೇ ತಡೆದು, ತಡೆದ ಓಟವನ್ನೂ
ಬ್ಯಾಟರಿಯೊಳಗೆ ಗಂಟು ಕಟ್ಟಿಕೊಳ್ಳುತ್ತದೆ.
ಕೆಲಸವಿಲ್ಲದ ತಟ್ಟೆಗಳ ಮೇಲೆ ಅತ್ತ
ರಸ್ತೆಯ ಉಪ್ಪು, ಕಡಲಿನ ಉಪ್ಪು,
ಸದ್ದಿಲ್ಲದೆ ತುಕ್ಕು.

ಈ ರೋಗ ನನಗೆ ಗೊತ್ತು.
ಸ್ತೂ ಊರಿನ ಹಾಲ್ವರ್ ಮೇಷ್ಟರು
ಆರು ಸಲಕ್ಕೆ ಕಟ್ಟಿ, ನಾಲ್ಕು ಸಲ ಕರೆದು,
ಈಸ್ಟರಿಗೆ ಮುಂಚೆ ತೀರಿಕೊಂಡರು.
ಐದನೆಯದಕ್ಕೆ ಕರೆಯದೆಯೇ ಹೋದೆ.
ಮಗ ಬಾಗಿಲಲ್ಲೇ ನಿಂತ:
ಯಾರೂ ನುಡಿಸುವುದಿಲ್ಲ, ಮಾರುತ್ತಿದ್ದೇವೆ.
ಕಟ್ಟಿದ್ದಾರೆ, ಎಂದೆ.
ಮುಚ್ಚಳ ತೆಗೆದರೆ ಒಂದು ಬೆರಳೂ ಸೋಕದ ತಂತಿಗಳು
ಪೂರಾ ಕೆಳಗಿಳಿದು ಕೂತಿದ್ದವು.
ಎರಡು ಗಂಟೆ ಹಿಡಿಯಿತು. ಅವನು ಕೋಟು ಬಿಚ್ಚದೆ
ಮೆಟ್ಟಿಲ ಮೇಲೆ ಕೂತು ಫೋನು ನೋಡುತ್ತಿದ್ದ.
ಆರನೆಯದು ಡೈರಿಯಲ್ಲಿ ಇನ್ನೂ ಬಾಕಿ.
ಪಿಯಾನೊ ಬೋಡೋಗೆ ಹೋಯಿತಂತೆ, ಯಾರ ಮನೆಗೋ.

ಶುಕ್ರವಾರ ಎಸ್ಕಿಲ್‌ಗೆ ಫೋನು ಮಾಡಿದೆ.
ನಾಲ್ಕು ವರ್ಷ ಬೇಡ; ಅಕ್ಟೋಬರಿನಲ್ಲಿ ಒಂದು ಸಲ ನೋಡು,
ಆವತ್ತಿನ ದುಡ್ಡು ಆವತ್ತೇ.
ನಾನು ಬಾರದಿದ್ದರೆ ನೀನೇ ಕರೆ.
ಹಾಗೆ ಬರೆದುಕೊಳ್ಳಲು ಕಂಪ್ಯೂಟರಿನಲ್ಲಿ ಜಾಗವಿಲ್ಲ, ಎಂದ.
ಅಂಗೈ ಇದೆಯಲ್ಲ, ಎಂದೆ.

ಆಮೇಲೆ ನನ್ನ ಡೈರಿ ತೆರೆದು
ಕರೆಯದವರ ನಂಬರುಗಳನ್ನು ಒತ್ತತೊಡಗಿದೆ.
ಮೂವರು ಎತ್ತಲಿಲ್ಲ. ಒಬ್ಬಾಕೆ
ಇನ್ನೂ ಹಣ ಕೇಳುತ್ತಿದ್ದೇನೆಂದು ಬೈದಳು.
ನಾಲ್ಕನೆಯವನು, ಮ್ಯೂರೆಯವನು: ಬನ್ನಿ, ಎಂದ,
ಮಗಳು ಈಗಷ್ಟೇ ಒಂದು ಕೈಯಲ್ಲಿ ಕಲಿಯುತ್ತಿದ್ದಾಳೆ.

ಹಿಂದಿನ ಸೀಟಿನಲ್ಲಿ ಶ್ರುತಿಕೀಲಿಯ ಪೆಟ್ಟಿಗೆ.
ಸೇತುವೆ ದಾಟಿದ ಇಳಿಜಾರಿನಲ್ಲಿ,
ಹಿಂದೆ ಮುಂದೆ ಯಾರೂ ಇಲ್ಲದ್ದು ನೋಡಿ,
ಬೇಕೆಂದೇ ಬ್ರೇಕು ಒತ್ತಿದೆ, ಗಟ್ಟಿಯಾಗಿ.
ಕಿರ್ರೆಂದು ತುಕ್ಕು ಉದುರಿತು,
ಮಂದ್ರದ ಗಾಂಧಾರ, ಕೂದಲೆಳೆಯಷ್ಟು ಕೆಳಗೆ.
ಇನ್ನೊಮ್ಮೆ ಒತ್ತಿದೆ.